ಕರಡಿಗೆಯೊಳಗಿನ ಹುಳಿವಾಸನೆ

"ಅಪ್ಪಾ, ಅಜ್ಜಿಯ ಮಾತ್ರೆಗೆ ವಿನೆಗರಿನ ವಾಸನೆ ಬರುತ್ತಿದೆ" ಎಂದು ಮಗಳು ಹಿತ್ತಾಳೆಯ ಕರಡಿಗೆಯನ್ನು ನನ್ನ ಮೂಗಿನ ಬಳಿ ಹಿಡಿದಾಗ ಹೊರಗೆ ಆಟಿಯ ಮಳೆ ಸುರಿಯುತ್ತಿತ್ತು. ಹೃದಯದ ತೊಂದರೆ ಕಾಣಿಸಿಕೊಂಡಂದಿನಿಂದ ಅಮ್ಮ ದಿನಕ್ಕೊಂದು 75 ಮಿಲಿಗ್ರಾಮಿನ ಆಸ್ಪಿರಿನ್ ನುಂಗುತ್ತಾರೆ. ಸ್ಟ್ರಿಪ್ಪಿನಿಂದ ಮಾತ್ರೆಯನ್ನು ಒತ್ತಿ ತೆಗೆಯಲು ಅವರ ಬೆರಳುಗಳಿಗೆ ಬಲವಿಲ್ಲ. ಎರಡು ತಿಂಗಳಿಗಾಗುವಷ್ಟನ್ನು ಒಮ್ಮೆಗೇ ಬಿಡಿಸಿ ಆ ಕರಡಿಗೆಯಲ್ಲಿ ತುಂಬಿಟ್ಟವನು ನಾನೇ. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತಿರುವವನು.

ವಾಸನೆಯ ಕಾರಣ ನನಗೆ ತಿಳಿಯದ್ದಲ್ಲ. ವಿನೆಗರಿನ ಹುಳಿಗೆ ಕಾರಣ ಅಸಿಟಿಕ್ ಆಮ್ಲ. ಅದರ ಎರಡು ಅಣುಗಳಿಂದ ನೀರಿನ ಒಂದು ಅಣುವನ್ನು ಕಳೆದರೆ ಉಳಿಯುವುದು ಅಸಿಟಿಕ್ ಅನ್‌ಹೈಡ್ರೈಡ್. (ಹಲಗೆಯ ಮೇಲೆ ಈ ಲೆಕ್ಕ ಸುಲಭ, ಕಾರ್ಖಾನೆಗಳು ಕೀಟೀನ್ ಎಂಬ ಅನಿಲದ ದಾರಿ ಹಿಡಿಯುತ್ತವೆ.) ನೀರು ಸಿಕ್ಕಿದರೆ ಅದು ಮತ್ತೆ ಆಮ್ಲವಾಗುತ್ತದೆ; ಸ್ಯಾಲಿಸಿಲಿಕ್ ಆಮ್ಲ ಸಿಕ್ಕಿದರೆ ತನ್ನ ಅರ್ಧ ಭಾಗವಾದ ಅಸಿಟೈಲ್ ಗುಂಪನ್ನು ಅದಕ್ಕೆ ಕೊಟ್ಟುಬಿಡುತ್ತದೆ. ಹಾಗೆ ಹುಟ್ಟುವುದೇ ಆಸ್ಪಿರಿನ್. 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಫೆಲಿಕ್ಸ್ ಹಾಫ್‌ಮನ್ ಇದನ್ನು ತಯಾರಿಸಿದ. ಅದೇ ವರ್ಷ ಆತ ಮಾರ್ಫಿನಿಗೂ ಅಸಿಟೈಲ್ ಗುಂಪು ಸೇರಿಸಿದ, ದೊರೆತದ್ದು ಹೆರಾಯಿನ್. ಈ ಕಾರಣಕ್ಕೇ ನಮ್ಮ ದೇಶದಲ್ಲಿ ಅಸಿಟಿಕ್ ಅನ್‌ಹೈಡ್ರೈಡ್ ನಿಯಂತ್ರಿತ ವಸ್ತು.

"ಹಾಗಾದರೆ ಅಜ್ಜಿಯ ಕರಡಿಗೆಯಲ್ಲಿ ಅನ್‌ಹೈಡ್ರೈಡ್ ಇದೆಯೇ?" ಎಂದಳು ಮಗಳು.

ಇಲ್ಲ. ಆದರೆ ಅನ್‌ಹೈಡ್ರೈಡ್ ಕೊಟ್ಟ ಅಸಿಟೈಲ್ ಗುಂಪು ಆಸ್ಪಿರಿನ್ನಿನಲ್ಲಿದೆ. ಮಳೆಗಾಲದ ತೇವ ಅದನ್ನು ಮೆಲ್ಲಗೆ ಬಿಡಿಸುತ್ತದೆ. ಬಿಡುಗಡೆಯಾಗುವುದು ಅಸಿಟಿಕ್ ಆಮ್ಲ, ಉಳಿಯುವುದು ಹಳೆಯ ಸ್ಯಾಲಿಸಿಲಿಕ್ ಆಮ್ಲ. ಇದು ಜಠರವನ್ನು ಕೆರಳಿಸುತ್ತದೆ. ರಕ್ತ ಹೆಪ್ಪುಗಟ್ಟುವುದನ್ನು ಆಸ್ಪಿರಿನ್ನಿನಂತೆ ತಡೆಯಲಾರದು. ಅಮ್ಮನಿಗೆ ಬೇಕಾದದ್ದು ಆ ತಡೆಯೇ.

ಮಗಳು ಸ್ವಲ್ಪ ಯೋಚಿಸಿ, "ಅನ್‌ಹೈಡ್ರೈಡ್ ಎಂದರೆ ನೀರು ಬಿಟ್ಟ ಆಮ್ಲ ಎನ್ನಬಹುದಲ್ಲವೇ?" ಎಂದಳು. ಅನ್ನಬಹುದು. ಆ ಗ್ರೀಕ್ ಮೂಲದ ಪದದ ಅರ್ಥವೂ 'ನೀರಿಲ್ಲದ್ದು' ಎಂದೇ. ತರಗತಿಯಲ್ಲಿ ನಾನು ಹಾಗೆ ಬಿಡಿಸಿ ಹೇಳಿದ ನೆನಪಿಲ್ಲ.

ಮರುದಿನ ವೈದ್ಯರು ಅಮ್ಮನನ್ನು ಪರೀಕ್ಷಿಸಿ, ಗಾಬರಿಪಡುವಂಥದ್ದೇನೂ ಇಲ್ಲವೆಂದರು. ಹೊಸ ಮಾತ್ರೆ ಬಂತು. ಹಳೆಯದನ್ನು ಎಸೆಯುವಾಗ ಅಮ್ಮ ಹೇಳಿದರು: "ಹುಳಿ ವಾಸನೆ ನನಗೂ ಬಂದಿತ್ತು ಮಗಾ. ತುಂಬಿಸಿಟ್ಟದ್ದು ನೀನಲ್ಲವೇ ಎಂದು ಸುಮ್ಮನಿದ್ದೆ."

ಈಗ ಪ್ರತಿರಾತ್ರಿ ಊಟವಾದ ಮೇಲೆ ಮಗಳೇ ಸ್ಟ್ರಿಪ್ಪಿನಿಂದ ಒಂದು ಮಾತ್ರೆಯನ್ನು ಒತ್ತಿ ತೆಗೆದು, ಮೂಸಿ ನೋಡಿ, ಅಜ್ಜಿಯ ಅಂಗೈಯಲ್ಲಿಡುತ್ತಾಳೆ. ಕರಡಿಗೆಯಲ್ಲಿ ಅಮ್ಮ ಲವಂಗ ಹಾಕಿಟ್ಟಿದ್ದಾರೆ.