ತೋಳ ಬಂತು ತೋಳ!

ಬೆಳಗ್ಗೆ ಸ್ಕೂಲ್ ವ್ಯಾನ್ ಬರುವುದರೊಳಗೆ ಮೊಮ್ಮಗಳಿಗೆ ಎರಡು ಜಡೆ ಹಾಕುವುದು ನನ್ನ ಕೆಲಸ. ಒಂದನೇ ಕ್ಲಾಸಿನಿಂದ ಆರನೇ ಕ್ಲಾಸಿನವರೆಗೂ ಅದು ತಪ್ಪಿದ್ದಿಲ್ಲ. ಕಳೆದ ವರ್ಷ ಮಳೆಗಾಲದಲ್ಲಿ ತಪ್ಪಿತು. ಎದ್ದಾಗ ಬೆರಳು ಮಡಚಲು ಆಗುತ್ತಿರಲಿಲ್ಲ. ರಿಬ್ಬನ್ ಗಂಟು ಹಾಕಲು ಹೋದರೆ ಗೆಣ್ಣು ಗೆಣ್ಣೂ ನೋವು. ಮಂಡಿ, ಮಣಿಕಟ್ಟು ಹಿಡಿದುಕೊಂಡವು. ಸಂಜೆಯಾದರೆ ಸಣ್ಣಗೆ ಜ್ವರ, ಸುಸ್ತು.

‘ಅರವತ್ತೆಂಟಾಯಿತು, ಇನ್ನೇನು’ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೀಲಗಿರಿ ಎಣ್ಣೆ ತಿಕ್ಕಿದೆ, ಬಿಸಿನೀರಿನ ಶಾಖ ಕೊಟ್ಟೆ. ಒಂದು ದಿನ ಪುಟ್ಟಿ, “ಬಿಡಜ್ಜಿ, ನಾನೇ ಹಾಕ್ಕೋತೀನಿ” ಎಂದು ಕನ್ನಡಿ ಮುಂದೆ ನಿಂತಳು. ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕತ್ತಿನ ಹಿಂದೆ. ಹಾಗೇ ವ್ಯಾನ್ ಹತ್ತಿದಳು. ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಮಗ ಕೀಲುನೋವಿನ ತಜ್ಞರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರಮ್ಮ ಮೊದಲು ಕೇಳಿದ್ದು, “ಮನೇಲಿ ತಗೊಳ್ಳೋ ಮಾತ್ರೆ ಎಲ್ಲಾ ತಂದಿದ್ದೀರಾ ಅಮ್ಮ?” ಎಂದು. ಬಿಸ್ಕತ್ತಿನ ಡಬ್ಬಿಯನ್ನೇ ಅವರ ಮುಂದಿಟ್ಟೆ. ಒಂದೊಂದೇ ಸ್ಟ್ರಿಪ್ ತೆಗೆದು “ಇದು ಯಾವಾಗಿನಿಂದ?” ಎನ್ನುತ್ತಿದ್ದವರು ಒಂದು ಬಿಪಿ ಮಾತ್ರೆಯ ಹತ್ತಿರ ನಿಂತರು. ಅದರ ಹೆಸರು ಹೈಡ್ರಲಜೀನ್. ಬೇರೆ ಮಾತ್ರೆಗಳು ಒಗ್ಗದೆ, ಎಂಟು ತಿಂಗಳಿಂದ ಅದನ್ನು ದಿನಕ್ಕೆ ಮೂರು ಸಲ ನುಂಗುತ್ತಿದ್ದೆ.

“ಇದು ಒಳ್ಳೆಯ ಔಷಧಿಯೇ. ಆದರೆ ಕೆಲವರಿಗೆ ಇದರಿಂದ ಲೂಪಸ್ ತರಹದ ತೊಂದರೆ ಬರುತ್ತೆ. 1950ರ ದಶಕದಲ್ಲೇ ವೈದ್ಯರು ಇದನ್ನು ಗುರುತಿಸಿದ್ದರು. ಒಂದು ರಕ್ತಪರೀಕ್ಷೆ ಮಾಡಿಸೋಣ” ಎಂದರು.

ಮನೆಗೆ ಬಂದಾಗ ಪುಟ್ಟಿ ಲೂಪಸ್ ಎಂದರೇನೆಂದು ಹುಡುಕಿಟ್ಟಿದ್ದಳು. “ಅಜ್ಜಿ, ಲ್ಯಾಟಿನ್ನಲ್ಲಿ ಲೂಪಸ್ ಅಂದ್ರೆ ತೋಳ!” ‘ತೋಳ ಬಂತು ತೋಳ’ ಎಂದು ಸುಳ್ಳೇ ಕೂಗಿದ ಕುರಿ ಕಾಯುವ ಹುಡುಗನ ಕಥೆಯನ್ನು ನಾನೇ ಅವಳಿಗೆ ಹೇಳಿದ್ದೆ. ನನ್ನ ಮೈಯೊಳಗೂ ಅಂಥದ್ದೇ ಆಗಿತ್ತು. ರೋಗಾಣು ಬಂದರೆ ಹಿಡಿಯಲು ನಮ್ಮ ರಕ್ತದಲ್ಲಿ ಪ್ರತಿಕಾಯಗಳೆಂಬ ಕಾವಲುಗಾರರು ಇರುತ್ತಾರೆ. ತೋಳವೇ ಇಲ್ಲದಾಗ ಅವರು ತೋಳ ಬಂತೆಂದು ಮನೆಯವರ ಮೇಲೇ ಬಿದ್ದರೆ ಅದೇ ಲೂಪಸ್.

ಪರೀಕ್ಷೆಗೆ ತೋಳಿನಿಂದ ಸ್ವಲ್ಪ ರಕ್ತ ತೆಗೆದರು, ಅಷ್ಟೇ. ಆಮೇಲಿನದನ್ನು ಡಾಕ್ಟರಮ್ಮ ಪುಟ್ಟಿಗೆ ಬಿಡಿಸಿ ಹೇಳಿದರು. ಗಾಜಿನ ಪಟ್ಟಿಯ ಮೇಲೆ ಮನುಷ್ಯರ ಜೀವಕೋಶಗಳನ್ನು ಬೆಳೆಸಿರುತ್ತಾರೆ. ಅದರ ಮೇಲೆ ನನ್ನ ರಕ್ತದ ತಿಳಿಯನ್ನು ನೀರಾಗಿಸಿ ಹಾಕುತ್ತಾರೆ. ದಾರಿ ತಪ್ಪಿದ ಪ್ರತಿಕಾಯಗಳಿದ್ದರೆ ಅವು ಜೀವಕೋಶದ ನಡುವಿನ ಕೇಂದ್ರಕ್ಕೆ ಅಂಟಿಕೊಳ್ಳುತ್ತವೆ. ಹೊಳೆಯುವ ಬಣ್ಣ ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೇಂದ್ರಗಳು ಹಸಿರಾಗಿ ಮಿಂಚುತ್ತವೆ. ಇದಕ್ಕೆ ಎಎನ್‌ಎ ಪರೀಕ್ಷೆ ಎನ್ನುತ್ತಾರೆ. ನನ್ನ ರಿಪೋರ್ಟಿನಲ್ಲಿ 1:320 ಎಂದಿತ್ತು. 320 ಪಾಲು ತೆಳುವಾಗಿಸಿದರೂ ಹೊಳಪು ಕಾಣುತ್ತಿತ್ತು ಎಂದರ್ಥ.

“ಹಾಗಾದ್ರೆ ಅಜ್ಜಿಗೆ ಲೂಪಸ್ಸೇ?” ಪುಟ್ಟಿಯ ದನಿ ಸಣ್ಣದಾಯಿತು.

“ಇದೊಂದರಿಂದ ಹೇಳೋಕಾಗಲ್ಲ ಮರಿ. ಆರೋಗ್ಯವಾಗಿರೋ ವಯಸ್ಸಾದವರಲ್ಲೂ ಇದು ಪಾಸಿಟಿವ್ ಬರಬಹುದು” ಎಂದು ಇನ್ನೆರಡು ಪರೀಕ್ಷೆ ಬರೆದರು. ನಮ್ಮ ಡಿಎನ್‌ಎ ಎಂಬ ಉದ್ದದ ಎಳೆ ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ, ಹೊಲಿಗೆ ದಾರ ರೀಲಿಗೆ ಸುತ್ತಿದ ಹಾಗೆ. ಈ ಔಷಧಿಯಿಂದ ಬಂದ ಲೂಪಸ್ಸಿನಲ್ಲಿ ಪ್ರತಿಕಾಯಗಳ ಸಿಟ್ಟು ಸಾಮಾನ್ಯವಾಗಿ ರೀಲಿನ ಮೇಲೆ, ದಾರದ ಮೇಲಲ್ಲ. ನನಗೆ ಬಂದದ್ದೂ ಹಾಗೆಯೇ: ಹಿಸ್ಟೋನ್ ಪಾಸಿಟಿವ್, ಡಿಎನ್‌ಎ ನೆಗೆಟಿವ್. ಮೂತ್ರಪಿಂಡಕ್ಕೂ ಏನೂ ಆಗಿರಲಿಲ್ಲ. “ಮಾತ್ರೆ ಬದಲಾಯಿಸಿ ನೋಡೋಣ. ನೋವು ಇಳಿದರೆ ಅದೇ ದೊಡ್ಡ ಸಾಕ್ಷಿ” ಎಂದು ಬೇರೆ ಬಿಪಿ ಮಾತ್ರೆ ಕೊಟ್ಟರು.

ಮೂರು ವಾರಕ್ಕೆ ಜ್ವರ ನಿಂತಿತು. ಎರಡು ತಿಂಗಳಿಗೆ ಬೆರಳು ಮಡಚಿದವು. ಆರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದಾಗ ಎಎನ್‌ಎ ಇನ್ನೂ ಪಾಸಿಟಿವ್ ಇತ್ತು. ನನಗೆ ಗಾಬರಿ. ನೋವು ಹೋದರೂ ರಕ್ತದಲ್ಲಿ ಈ ಗುರುತು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುವುದುಂಟಂತೆ.

ಓದುವ ಅಜ್ಜ ಅಜ್ಜಿಯರಿಗೆ ಒಂದು ಮಾತು. ಇದನ್ನೋದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಈ ಮಾತ್ರೆ ತೆಗೆದುಕೊಳ್ಳುವ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಬಿಪಿ ಮಾತ್ರೆ ಥಟ್ಟನೆ ಬಿಟ್ಟರೆ ಅಪಾಯ. ಆದರೆ ಹೊಸ ನೋವನ್ನೆಲ್ಲ ವಯಸ್ಸಿನ ತಲೆಗೆ ಕಟ್ಟಲೂಬೇಡಿ. ಮಾತ್ರೆ ಡಬ್ಬಿ ಸಮೇತ ಡಾಕ್ಟರ ಬಳಿ ಹೋಗಿ. ಮಕ್ಕಳೇ, ನಿಮಗೊಂದು ಕೆಲಸ: ಮನೆಯ ಹಿರಿಯರ ಮಾತ್ರೆಗಳ ಹೆಸರು, ಶುರುವಾದ ತಾರೀಖು ಎರಡನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ನಮ್ಮ ಮನೆಯ ಪಟ್ಟಿ ಪುಟ್ಟಿಯ ಅಕ್ಷರದಲ್ಲೇ ಫ್ರಿಜ್ಜಿನ ಮೇಲಿದೆ.

ಈಗ ಬೆಳಗ್ಗೆ ಒಂದು ಜಡೆ ನಾನು ಹಾಕುತ್ತೇನೆ, ಇನ್ನೊಂದನ್ನು ಅವಳೇ ಹಾಕಿಕೊಳ್ಳುತ್ತಾಳೆ. ಯಾವುದು ಯಾರದ್ದೆಂದು ವ್ಯಾನಿನ ಡ್ರೈವರಿಗೂ ಗೊತ್ತು.