ನೆರಳಿಗೆ ಸೋಲುವ ಹುಲ್ಲು

ಮಳೆಗಾಲ ಮುಗಿದ ಮೇಲೆ ಪುಣೆಯ ಸುತ್ತಲಿನ ಗುಡ್ಡ ಹತ್ತಿ ಇಳಿದವರಿಗೆ ಮೊದಲ ಕೆಲಸ, ಕಾಲುಚೀಲಕ್ಕೆ ಚುಚ್ಚಿಕೊಂಡ ಬೀಜಗಳನ್ನು ಕೀಳುವುದು. ಮರಾಠಿಯವರು ಆ ಹುಲ್ಲನ್ನು ಕುಸಳಿ ಎನ್ನುತ್ತಾರೆ; ಸಸ್ಯಶಾಸ್ತ್ರದಲ್ಲಿ ಅದು ಹೆಟೆರೊಪೋಗನ್ ಕಾಂಟಾರ್ಟಸ್. ಗ್ರೀಕಿನ 'ಪೋಗನ್' ಎಂದರೆ ಗಡ್ಡ. ಲ್ಯಾಟಿನ್ನಿನ 'ಕಾಂಟಾರ್ಟಸ್' ಎಂದರೆ ತಿರುಚಿದ್ದು. ಹೆಸರಿನಲ್ಲೇ ಕಸುಬಿದೆ. ಬೀಜಕ್ಕಂಟಿದ ಉದ್ದನೆಯ ಕೂದಲು ಒಣಗಿದಾಗ ಹುರಿಗೊಳ್ಳುತ್ತದೆ, ತೇವ ತಾಗಿದಾಗ ಬಿಚ್ಚಿಕೊಳ್ಳುತ್ತದೆ. ಹೀಗೆ ತಿರುಗುತ್ತಲೇ ಚೂಪುಬೀಜ ನೆಲದೊಳಗೆ ಇಳಿಯುತ್ತದೆ. ಹಿಮ್ಮುಖ ರೋಮಗಳು ಅದನ್ನು ಹೊರಬರಗೊಡುವುದಿಲ್ಲ. ಬೇಸಿಗೆಯ ಕಿಚ್ಚು ಅದರ ಮೇಲಿಂದಲೇ ಹಾದುಹೋಗುತ್ತದೆ.

ತಾಯಿಬುಡವೂ ಗಟ್ಟಿಯೇ. ವರ್ಷಗಟ್ಟಲೆ ಬದುಕುವ ಈ ಹುಲ್ಲಿನ ಮೊಗ್ಗುಗಳು ನೆಲಮಟ್ಟದಲ್ಲಿ, ಹಳೆಯ ಎಲೆಬುಡಗಳ ಮರೆಯಲ್ಲಿರುತ್ತವೆ. ದನ ಮೇದರೂ ಬೆಂಕಿ ಸುಟ್ಟರೂ, ಮಳೆ ಬಿದ್ದೊಡನೆ ಅದೇ ಬುಡ ಚಿಗುರುತ್ತದೆ.

ಅದು ಸೋಲುವುದು ನೆರಳಿಗೆ. ತುಂಬು ಬಿಸಿಲು ಬೇಡುವ ಹುಲ್ಲು ದಟ್ಟ ಮರಗಳಡಿ ಸೊರಗಿ ಮಾಯವಾಗುತ್ತದೆ. ಆದರೆ ಸರ್ಕಾರಿ ಕಡತಗಳು ಇಂಥ ಬಯಲನ್ನು ಎಷ್ಟೋ ಕಡೆ 'ಪಾಳುಭೂಮಿ' ಎಂದು ಬರೆದುಕೊಂಡಿವೆ. ಪಾಳು ಎಂದ ಮೇಲೆ ಗುಂಡಿ ತೋಡಿ ಸಸಿ ನೆಡುವುದು ಪುಣ್ಯದ ಕೆಲಸವಾಗಿಯೇ ಕಾಣುತ್ತದೆ.

ಹಳೆ ಮೈಸೂರು ಸೀಮೆಯಲ್ಲಿ ಅಮೃತಮಹಲ್ ದನಗಳಿಗೆಂದು ಕಾದಿಟ್ಟ ಹುಲ್ಲುಬಯಲಿಗೆ ಬೇರೆಯದೇ ಹೆಸರಿದೆ: ಕಾವಲು. ಒಂದು ಮಾತು ನೆಲವನ್ನು ಖಾಲಿ ಎನ್ನುತ್ತದೆ, ಇನ್ನೊಂದು ಕಾಯಬೇಕಾದದ್ದು ಎನ್ನುತ್ತದೆ. ಹುಲ್ಲಿನ ಉಳಿವು ಯಾವ ಮಾತು ಕಡತಕ್ಕೆ ಹೋಗುತ್ತದೆ ಎಂಬುದರಲ್ಲಿದೆ.