ಸ್ವಾಮಿ ಉಳಿಸಿಕೊಟ್ಟ ಸ್ಟೇಷನ್ನು

ತಾಳಗುಪ್ಪದ ರೈಲು ಅರಸಾಳಿಗೆ ಬಂತೆಂದರೆ ಬೆಂಗಳೂರಿನಿಂದ ಜೋಗಕ್ಕೆ ಹೊರಟವರೆಲ್ಲ ಒಂದೇ ಕಡೆಯ ಕಿಟಕಿಗೆ ಮುಗಿಬೀಳುತ್ತಾರೆ. ‘ಅಲ್ನೋಡು, ಮಾಲ್ಗುಡಿ!’ ಇಳಿಯುವವರು ಮಾತ್ರ ರಿಪ್ಪನ್‌ಪೇಟೆ ಕಡೆಯ ನಾಲ್ಕೈದು ಮಂದಿ. ಹೊರಗೆ ಆಟೋ ಇದೆಯೋ ಇಲ್ಲವೋ ಎಂಬುದೇ ಅವರ ಚಿಂತೆ.

ಮಾಲ್ಗುಡಿ ಅನ್ನುವ ಊರೇ ಇಲ್ಲವಲ್ಲ! 1930ರಲ್ಲಿ ಬೆಂಗಳೂರಿನಲ್ಲಿ ಕೂತು ಆರ್.ಕೆ. ನಾರಾಯಣ್, ಸ್ವಾಮಿ ಎಂಬ ಹುಡುಗನ ಕಥೆಯಾದ ತಮ್ಮ ಮೊದಲ ಕಾದಂಬರಿಗೆ ಕೈ ಹಚ್ಚಿದಾಗ ಅವರ ಕಣ್ಣಿಗೆ ಕಟ್ಟಿದ್ದು ಒಂದು ಪುಟ್ಟ ರೈಲು ಸ್ಟೇಷನ್ನು. ಊರು ಆಮೇಲೆ ಅದರ ಸುತ್ತ ಬೆಳೆಯಿತು. ಎಂಬತ್ತರ ದಶಕದಲ್ಲಿ ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ತೆಗೆಯಲು ಹೊರಟ ಶಂಕರ್ ನಾಗ್, ಊರಿಗೆ ಆಗುಂಬೆಯನ್ನು ಹಿಡಿದರು, ಸ್ಟೇಷನ್ನಿಗೆ ಅರಸಾಳನ್ನು. ಮೈಸೂರಿನಲ್ಲಿ ನೆಲೆಸಿದ್ದವರು ಇಂಗ್ಲಿಷಿನಲ್ಲಿ ಬರೆದ ಕಥೆ, ಮಾತು ಹಿಂದಿ, ಸುರಿಯುವ ಮಳೆ ಮಲೆನಾಡಿನದು. ಯಾರಿಗೂ ಇದು ವಿಚಿತ್ರ ಅನ್ನಿಸಲೇ ಇಲ್ಲ.

ಆಗ ಇಲ್ಲಿ ಓಡುತ್ತಿದ್ದದ್ದು ಮೀಟರ್ ಗೇಜ್. ಹಳಿಗಳ ನಡುವೆ ಒಂದೇ ಮೀಟರ್ ಅಂತರ. ಕಂಡಿಯೊಳಗೆ ದುಡ್ಡು ತಳ್ಳಿದರೆ ಟಿಕೆಟ್ ಬಾಬು ಎರಡು ಬೆರಳಗಲದ ರಟ್ಟಿನ ಚೀಟಿಯನ್ನು ಯಂತ್ರದ ಬಾಯಿಗೆ ಕೊಟ್ಟು ‘ಟಕ್’ ಅನ್ನಿಸುತ್ತಿದ್ದ. ತಾರೀಖು ಬೆರಳಿಗೆ ತಾಗುವಷ್ಟು ಆಳವಾಗಿ ಒತ್ತಿಕೊಳ್ಳುತ್ತಿತ್ತು. ಕೊನೆಕೊನೆಗೆ ಈ ದಾರಿಯಲ್ಲಿ ರೈಲ್‌ಬಸ್ಸೂ ಓಡಿತು, ಬಸ್ಸಿನ ಮೈಗೆ ರೈಲಿನ ಚಕ್ರ. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಬಂತು. ಅರಸಾಳಿಗೂ ಹೊಸ ಕಟ್ಟಡ ಆಯಿತು. ಹಂಚಿನ ಮಾಡಿನ ಹಳೆಯ ಸ್ಟೇಷನ್ನು ಪಕ್ಕದಲ್ಲೇ ಪಾಳುಬಿತ್ತು. ಮಲೆನಾಡಿನಲ್ಲಿ ಪಾಳು ಬೀಳಲು ಹೆಚ್ಚು ಕಾಲ ಬೇಕಿಲ್ಲ. ಒಂದು ಹಂಚು ಜಾರಿದರೆ ಸಾಕು, ಮುಂದಿನದನ್ನು ಮಳೆಗಾಲ ನೋಡಿಕೊಳ್ಳುತ್ತದೆ.

ಅದನ್ನು ಉಳಿಸಿದ್ದು ಸ್ವಾಮಿಯ ಹೆಸರು. ನೈಋತ್ಯ ರೈಲ್ವೆ ಆ ಕಟ್ಟಡ ರಿಪೇರಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ತೆರೆಯಿತು. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಮತ್ತೆ ಬಂದು ಕೈಜೋಡಿಸಿದರು. ಹಳೆಯ ಬೋಗಿಯೊಂದು ಚಹಾದಂಗಡಿಯಾಯಿತು. ಸ್ಟೇಷನ್ನಿನ ಹೆಸರನ್ನೇ ಮಾಲ್ಗುಡಿ ಮಾಡೋಣ ಎಂಬ ಮಾತೂ ಎದ್ದಿತ್ತು.

ಅದೊಂದು ಬೇಡ ಅನ್ನುವವ ನಾನು. ಕಥೆಯ ದೆಸೆಯಿಂದ ಕಟ್ಟಡ ಉಳಿದದ್ದು ಸಂತೋಷವೇ. ಶೂಟಿಂಗ್ ಭಾಗ್ಯ ಕಾಣದ ಎಷ್ಟೋ ಮೀಟರ್ ಗೇಜ್ ಸ್ಟೇಷನ್ನುಗಳನ್ನು ನೆಲಸಮ ಮಾಡುವಾಗ ತಡೆಯಲು ಯಾರೂ ಬರಲಿಲ್ಲ. ಆದರೆ ಈ ಮಾಡಿನ ಕೆಳಗೆ ಅಡಿಕೆ ಮೂಟೆಯ ಮೇಲೆ ಕೂತು ರೈಲು ಕಾದವರಿಗೂ, ಸಾಗರದ ಆಸ್ಪತ್ರೆಗೆ ಹೊರಟ ಬಸುರಿಯರಿಗೂ, ರಾತ್ರಿ ಲಾಟೀನು ಹಿಡಿದು ನಿಂತ ಪಾಯಿಂಟ್ಸ್‌ಮನ್ನಿಗೂ ಇದು ಅರಸಾಳೇ ಆಗಿತ್ತು. ಮ್ಯೂಸಿಯಂನಲ್ಲಿ ಸ್ವಾಮಿಗೆ ಮೂರು ಗೋಡೆ ಇರಲಿ. ನಾಲ್ಕನೆಯದನ್ನು ಇವರಿಗೆ ಬಿಟ್ಟುಕೊಟ್ಟರೆ ಮಾಲ್ಗುಡಿಗೇನೂ ನಷ್ಟವಿಲ್ಲ. ಆ ರೈಲ್‌ಬಸ್ಸಿನ ಒಂದು ಫೋಟೋವನ್ನೂ ದೊಡ್ಡದಾಗಿ ಅಲ್ಲೇ ತೂಗುಹಾಕಲಿ, ಹಳಿಯ ಮೇಲೆ ಬಸ್ಸು ಓಡಿತ್ತು ಅಂದರೆ ನಮ್ಮ ಮಕ್ಕಳು ನಂಬುತ್ತಿಲ್ಲ.